ಮರಿಯ ಹೊಟ್ಟೆಯಲ್ಲಿದ್ದ ಹಸಿರು ದಾರ

ಎಪ್ಪತ್ತು ದಾಟಿದರೂ ನಮ್ಮ ಮಾವನವರ ಹಲ್ಲು ಗಟ್ಟಿ. ಹರಿದ ಮೀನುಬಲೆ ಹೆಣೆಯುವಾಗ ಅವರು ಕತ್ತರಿ ಮುಟ್ಟುವವರಲ್ಲ. ಗಂಟು ಹಾಕಿ, ಉಳಿದ ಹಸಿರು ಪ್ಲಾಸ್ಟಿಕ್ ದಾರದ ತುದಿಯನ್ನು ಹಲ್ಲಿನಲ್ಲೇ ಕಚ್ಚಿ, ಥೂ ಎಂದು ಉಗುಳುತ್ತಿದ್ದರು. ಬಲೆ ಶೆಡ್ಡಿನ ಕೆಳಗೇ ಸಮುದ್ರ. ಪಕ್ಕದಲ್ಲಿ ಕೂತು ಹೆಣೆಯುವ ನಾನು ಬೇಡ ಅಂದರೆ, "ಅಷ್ಟು ದೊಡ್ಡ ಸಮುದ್ರಕ್ಕೆ ನನ್ನ ಎರಡಿಂಚು ದಾರ ಯಾವ ಲೆಕ್ಕ, ಬಿಡಮ್ಮ" ಎನ್ನುತ್ತಿದ್ದರು.

ಈ ಸಲ ಶೆಡ್ಡಿನ ಮಾಡಿನ ಮೇಲೆ ಕಡಲಹಕ್ಕಿಯೊಂದು ಎರಡು ಮರಿ ಮಾಡಿತ್ತು. ಮಾವನವರಿಗೆ ಅವುಗಳ ಮೇಲೆ ಜೀವ. ಏಣಿ ಹತ್ತಿ ನೋಡಿ ಬರದೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ದೊಡ್ಡ ಮರಿ ಕತ್ತೆತ್ತಲಾರದೆ ಬಿದ್ದಿತ್ತು.

"ತಾಯಿ ಸೋಮಾರಿ ಕಣಮ್ಮ. ಹೊಟ್ಟೆಗೆ ಹಾಕಿಲ್ಲ" ಎಂದು ಹಕ್ಕಿಯನ್ನು ಬಾಯಿಗೆ ಬಂದಂತೆ ಬೈದರು.

ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಮೇಜಿನ ಮೇಲಿಟ್ಟು ನೋಡುವಷ್ಟರಲ್ಲಿ ಪ್ರಾಣ ಹೋಯಿತು.

"ಯಾಕೆ ಸತ್ತಿತು ಅಂತ ಕೊಯ್ದು ನೋಡ್ತೀನಿ. ಹೊರಗಿರಿ, ಅಜ್ಜ."

"ಪರವಾಗಿಲ್ಲ. ಮೀನು ಕೊಯ್ದೇ ಬೆಳೆದವನು ನಾನು."

ಹೊಟ್ಟೆಯಲ್ಲಿ ಒಂದೇ ಒಂದು ಮೀನಿರಲಿಲ್ಲ. ಉಂಡೆ ಕಟ್ಟಿದ ಹಸಿರು ದಾರದ ತುಂಡುಗಳು, ಜೊತೆಗೆ ಬಿಸ್ಕತ್ತು ಪೊಟ್ಟಣದ ಚೂರು.

"ನೀರಲ್ಲಿ ತೇಲೋವಾಗ ಇದು ಸಣ್ಣ ಮೀನಿನ ಥರಾನೇ ಕಾಣತ್ತೆ" ಎಂದರು ಡಾಕ್ಟರಮ್ಮ. "ತಾಯಿ ಊಟ ಅಂತಾನೇ ತಂದು ಕೊಡತ್ತೆ. ಇದು ಅರಗಲ್ಲ. ಹೊಟ್ಟೆ ತುಂಬಿರತ್ತೆ, ಮರಿ ಉಪವಾಸ ಸಾಯತ್ತೆ."

"ಯಾವ ದೋಣಿಯವರು ಎಸೆದಿದ್ದೋ" ಎಂದರು ಮಾವ.

ಡಾಕ್ಟರಮ್ಮ ಒಂದು ತುಂಡನ್ನು ಚಿಮಟದಲ್ಲಿ ಎತ್ತಿ ಹಿಡಿದರು. "ಕತ್ತರಿಸಿದ್ದಲ್ಲ ಇದು. ತುದಿ ಜಜ್ಜಿದೆ ನೋಡಿ, ಕಚ್ಚಿದ ಹಾಗೆ."

ಮಾವ ಗೋಡೆ ಹಿಡಿದು ಕೂತರು.

"ಅದು ನನ್ನ ಹಲ್ಲು, ಡಾಕ್ಟ್ರಮ್ಮ. ನಾನೇ ತಿನ್ನಿಸಿದೀನಿ. ಸುಮ್ಮನೆ ಆ ತಾಯಿನ ಬೈದೆ." ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಕೇಳಿದರು, "ಇನ್ನೊಂದು ಮರಿ ಇದೆ. ಅದು ಉಳಿಯೋಕೆ ಏನು ಮಾಡ್ಲಿ?"

"ಪ್ಲಾಸ್ಟಿಕ್ ಒಂದು ಚೂರೂ ನೀರಿಗೆ ಬೀಳಬಾರದು. ದಾರ, ಹರಿದ ಬಲೆ, ಪೊಟ್ಟಣ, ಎಲ್ಲ ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡಿ. ತೇಲ್ತಿರೋದು ಕಂಡರೆ ಬಲೆ ಹಾಕಿ ಎತ್ತಿ."

ಮರುದಿನವೇ ಶೆಡ್ಡಿನಲ್ಲಿ ಚೀಲ ತೂಗಾಡಿತು. ಕಚ್ಚುವ ಚಟ ಬಿಟ್ಟಿಲ್ಲ; ಉಗುಳುವುದು ಮಾತ್ರ ಅಂಗಿ ಜೇಬಿಗೆ. ಆ ಅಂಗಿ ಒಗೆಯುವವಳು ನಾನು, ಇರಲಿ. ನನ್ನ ಗಂಡ ದೋಣಿಯಿಂದ ಒಂದು ಪೊಟ್ಟಣ ಎಸೆದರೂ ಮಾವ ಮಗನ ಜನ್ಮ ಜಾಲಾಡುತ್ತಾರೆ. ಈಗ ನಮ್ಮ ಯಜಮಾನರೂ ಸಂಜೆ ಮೀನಿನ ಜೊತೆಗೆ ಒಂದು ಮೂಟೆ ಕಸ ತರುತ್ತಾರೆ.

ಮೊನ್ನೆ ಚಿಕ್ಕ ಮರಿ ಹಾರಿತು. ಕಣ್ಣಿಗೆ ಕಾಣುವಷ್ಟು ಹೊತ್ತು ಮಾವ ನೋಡಿದರು. "ಇಲ್ಲಿದ್ದಷ್ಟು ದಿನ ನಾವು ಕಾಯ್ದ್ವಿ. ಮುಂದೆ ಅದಕ್ಕೆ ಏನು ಸಿಗತ್ತೋ" ಎಂದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿನಲ್ಲಿ ಸಮುದ್ರ ಇಲ್ಲದಿರಬಹುದು. ಚರಂಡಿ ಇದೆಯಲ್ಲ, ಅದು ಹೊಳೆಗೆ ಸೇರುತ್ತದೆ, ಹೊಳೆ ಸಮುದ್ರಕ್ಕೆ. ಕೈಯಲ್ಲಿರುವ ಪೊಟ್ಟಣವನ್ನು ಎಸೆಯಬೇಡಿ, ಚೀಲಕ್ಕೆ ಹಾಕಿ. ನಮ್ಮ ಮರಿ ಆ ನೀರಿನ ಮೇಲೆಯೇ ಹಸಿದುಕೊಂಡು ಹಾರುತ್ತಿದೆ.