ಪಾಕ ಇಳಿದ ಮೇಲೆ ಊಟ

ಕೊಪ್ಪರಿಗೆಯ ಬಾಯಿಂದ ಏಳುತ್ತಿದ್ದ ಮಲ್ಲಿಗೆ ವಾಸನೆಯ ಹಬೆ ಆ ಸುಗಂಧದ ಕಾರ್ಖಾನೆಯಲ್ಲಿ ಗಡಿಯಾರದ ಕೆಲಸವನ್ನೂ ಮಾಡುತ್ತಿತ್ತು. ಹಬೆ ಅಡಗಿದರೆ ಪಾಕ ಇಳಿಸುವ ಹೊತ್ತು. ಪಾಕ ಇಳಿದ ಮೇಲೆಯೇ ಎಲ್ಲರಿಗೂ ಒಟ್ಟಿಗೆ ಊಟ. ಮಾಲೀಕರಾದ ಶಿವಲಿಂಗಪ್ಪನವರ ತಂದೆಯ ಕಾಲದ ಕಟ್ಟಳೆ ಅದು. ಅಲ್ಲಿಯವರೆಗೆ ಮಾಲೀಕರೂ ತುತ್ತು ಮುಟ್ಟುತ್ತಿರಲಿಲ್ಲ.

ನಾನು ಆ ಹಬೆಯನ್ನೇ ಇಲ್ಲವಾಗಿಸಲು ಬಂದವಳು. ಓದು ಮುಗಿಸಿದ ಹೊಸತು. ನಾಲ್ಕು ಮಂದಿಯೆದುರು ಬಾಯಿ ತೆರೆಯಲು ಬೆವರುತ್ತಿದ್ದೆ. ಹೇಳಬೇಕಾದದ್ದನ್ನೆಲ್ಲ ದಿನಚರಿಯಲ್ಲಿ ಬರೆದು ಸುಮ್ಮನಾಗುತ್ತಿದ್ದೆ. ನಾನು ತಂದದ್ದು ಅಂಗೈಯಗಲದ ಗಾಜಿನ ಫಲಕ. ಅದರೊಳಗೆ ಕೂದಲೆಳೆಯಂಥ ಕಾಲುವೆ. ಪಂಪು ನೂಕಿದ ಎರಡು ದ್ರವಗಳು ಒಳಹೊಕ್ಕು, ಹರಿಯುತ್ತಲೇ ಬೆರೆತು ಕಾದು, ಇನ್ನೊಂದು ತುದಿಯಲ್ಲಿ ಸುಗಂಧವಾಗಿ ತೊಟ್ಟಿಕ್ಕಬೇಕು. ಉಕ್ಕುವ ಭಯವಿಲ್ಲ, ಸೀಯುವ ಭಯವಿಲ್ಲ. ಪರೀಕ್ಷೆಯ ದಿನ ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ಹರಿದರೆ ನನ್ನ ಕೆಲಸ ಖಾಯಂ. ನಡುವೆ ನಿಂತರೆ ಫಲಕ ಪೆಟ್ಟಿಗೆಗೆ, ನಾನು ಮನೆಗೆ.

ಕೊಪ್ಪರಿಗೆಯ ಹಿರಿಯಾಳು ಬೋರಯ್ಯನವರು ಫಲಕದ ಅಂಚಿಗೆ ಕುಂಕುಮವಿಟ್ಟು ಕೈಮುಗಿದರು. "ಇದ್ರಲ್ಲಿ ಏನು ಬೇಯುತ್ತವ್ವ? ಇರುವೆ ಮದುವೆಗೆ ಸಾರು ಮಾಡಬೋದು, ಅಷ್ಟೆ."

ಆದರೆ ಅದು ಹರಿಯಿತು. ಮಧ್ಯಾಹ್ನ ಹೊರಳಿದರೂ ಹರಿಯುತ್ತಲೇ ಇತ್ತು. ಕಷ್ಟ ಶುರುವಾದದ್ದೇ ಅಲ್ಲಿ. ಅಂದು ಕೊಪ್ಪರಿಗೆಗೆ ಬೆಂಕಿ ಹಚ್ಚಿರಲಿಲ್ಲ, ಹಬೆ ಏಳಲೇ ಇಲ್ಲ. ಏಳದ ಹಬೆ ಅಡಗುವುದಾದರೂ ಹೇಗೆ? ಹೊರಜಗಲಿಯಲ್ಲಿ ಬುತ್ತಿಗಳು ತಣ್ಣಗಾದವು.

"ಆಯ್ತೇನವ್ವ?" ಬೋರಯ್ಯನವರು ಕೇಳಿದರು.

ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ.

ಕೊನೆಗೆ ಶಿವಲಿಂಗಪ್ಪನವರೇ ಎದ್ದರು. "ಹೊಟ್ಟೆ ತಾಳ ಹಾಕ್ತಿದೆ ಕಣಮ್ಮ. ನಿಲ್ಲಿಸಿಬಿಡು. ಉಂಡು ಮತ್ತೆ ಹಚ್ಚಿದರಾಯ್ತು," ಎನ್ನುತ್ತ ಪಂಪಿನ ಗುಂಡಿಯತ್ತ ಕೈ ಚಾಚಿದರು.

"ಮುಟ್ಟಬೇಡಿ!"

ಕಿರುಚಿದ್ದು ಯಾರೆಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇದಕ್ಕೆ ಮುಗಿಯೋದು ಅಂತಿಲ್ಲ ಸರ್. ಬೆಳಗ್ಗೆಯಿಂದ ಸಿದ್ಧವಾಗಿ ಬರ್ತಾನೇ ಇದೆ. ಒಬ್ಬರು ಇಲ್ಲಿ ನಿಂತಿದ್ರೆ ಸಾಕು, ಉಳಿದವರು ಊಟ ಮಾಡಿ."

"ಅಂದ್ರೆ ಬೆಳಗ್ಗೆಯಿಂದ ಉಣ್ಣಬೋದಿತ್ತಾ?" ಬೋರಯ್ಯನವರ ಹುಬ್ಬು ಮೇಲೇರಿತು. "ಮೊದ್ಲೇ ಬಾಯಿ ಬಿಡಬಾರದೇನವ್ವ!"

ಶಿವಲಿಂಗಪ್ಪನವರು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು, ಊಟಕ್ಕೆ ಕೈ ತೊಳೆಯಲು ನಲ್ಲಿಯತ್ತ ನಡೆದರು.

ಸಂಜೆಯವರೆಗೂ ಹರಿಯಿತು, ನನ್ನ ಕೆಲಸ ಉಳಿಯಿತು. ಕಾರ್ಖಾನೆಯವರು ಸರದಿಯ ಮೇಲೆ ಉಣ್ಣತೊಡಗಿದ್ದು ಅಂದಿನಿಂದ. ಆ ಮೊದಲ ದಿನ ಬೋರಯ್ಯನವರ ಸರದಿ ಎಲ್ಲರಿಗಿಂತ ಕೊನೆಗೆ ಬಂತು. ಜಗಲಿಯಲ್ಲಿ ಒಬ್ಬರೇ ಕುಳಿತು ಬುತ್ತಿ ಬಿಚ್ಚಿದರು. ಉಪ್ಪಿನಕಾಯಿ ಬಡಿಸಿಕೊಂಡು, ಅಭ್ಯಾಸಬಲದಿಂದ ಡಬ್ಬಿಯನ್ನು ಪಕ್ಕದವರಿಗೆಂದು ಸರಿಸಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ.