ಏಳು ವರ್ಷ ನೆನೆದ ಬಿಲ್ಲೆ

ಚಟ್ಟಕ್ಕೆ ಬಿಗಿಯುತ್ತಿದ್ದ ಹಗ್ಗವನ್ನು ಅರ್ಧಕ್ಕೇ ಬಿಟ್ಟು, ನೆರೆಮನೆಯ ಪುಟ್ಟಪ್ಪ ಮಲ್ಲಿಕಾಳ ಕೈಯಲ್ಲಿದ್ದ ಫೋನನ್ನು ದುರುಗುಟ್ಟಿ ನೋಡಿದ. ಅಪ್ಪನ ಹೆಣ ಅಂಗಳದಲ್ಲಿರುವಾಗ ಇದೆಂಥ ಹುಚ್ಚು?

“ಇವತ್ತು ಅಪ್ಪನ ಬಿಲ್ಲೆ ಹೊರಗ್ ತೆಗಿತಾರೆ, ದೊಡ್ಡಪ್ಪ. ಏನಾಯ್ತು ಅಂತ ಗೊತ್ತಾಗೋವರೆಗೆ ಕಾಯಣ.”

“ಹೆಣ ಕಾಯಲ್ಲ ಮಾರಾಯ್ತಿ.”

ನಾರ್ವೆಯೆಂಬ ಈ ಹಳ್ಳಿಯಲ್ಲಿ ತೋಟದ ಕೂಲಿಗೆ ಹೋಗುತ್ತಿದ್ದ ಅವಳ ಅಪ್ಪ ಜಟ್ಟಪ್ಪ, ಮುಂದೆ ಎಲ್ಲೋ ಪಿಂಗಾಣಿ ಫ್ಯಾಕ್ಟರಿಯಲ್ಲಿ ಕಪ್ಪು-ಬಸಿ ಸುಟ್ಟು ಪಿಂಚಣಿ ತಂದವನೆಂದೇ ಊರು ನಂಬಿತ್ತು. ಅವನಾದರೂ ತಿದ್ದಿದನೇ, ಪುಣ್ಯಾತ್ಮ! ಕೇಳಿದವರ ಮುಂದೆ ನಕ್ಕುಬಿಡುತ್ತಿದ್ದ.

*

ಅವನು ಕುಲುಮೆ ಕಾಯುತ್ತಿದ್ದುದು ಒಂದು ಪ್ರಯೋಗಾಲಯದಲ್ಲಿ. ಅಣುಸ್ಥಾವರದ ವಿಷವನ್ನು ಸಾವಿರಾರು ವರ್ಷ ಹೊರಗೆ ಬಿಡದೆ ಹಿಡಿದಿಡುವ ಸೆರಾಮಿಕ್ ಬಿಲ್ಲೆಯನ್ನು ಅಲ್ಲಿ ತಯಾರಿಸಬೇಕಿತ್ತು. ಒಂದು ಮಧ್ಯಾಹ್ನ ಆರಿಸುವ ಹೊತ್ತಾದರೂ ಜಟ್ಟಪ್ಪ ಕುಲುಮೆ ಆರಿಸಲಿಲ್ಲ. ಕಿಂಡಿಯಲ್ಲಿ ಕಂಡ ಬಣ್ಣ ಇನ್ನೂ ಹಸಿ ಎನಿಸಿತಂತೆ. ಎರಡು ಗಂಟೆ ಹೆಚ್ಚಿಗೆ ಬೇಯಿಸಿದ. ದೊಡ್ಡವರು ಚೆನ್ನಾಗಿ ಉಗಿದು, ಬಿಲ್ಲೆಗಳನ್ನು ಕಸಕ್ಕೆ ಹಾಕಹೊರಟರು. ಶಾಂಭವಿ ಎಂಬ ವಿಜ್ಞಾನಿಯೊಬ್ಬಳೇ ಒಂದನ್ನು ಎತ್ತಿಕೊಂಡು, ಕರಗುತ್ತದೋ ಇಲ್ಲವೋ ನೋಡೇಬಿಡೋಣವೆಂದು ಲೆಕ್ಕದಂತೆ ಬೆಂದ ಬೇರೆ ಬಿಲ್ಲೆಗಳ ಜೊತೆ ಬಿಸಿನೀರಿನಲ್ಲಿ ಮುಚ್ಚಿಟ್ಟಳು. ಏಳು ವರ್ಷಕ್ಕೆ.

ನಿವೃತ್ತನಾಗಿ ಊರಿಗೆ ಬಂದರೂ ಜಟ್ಟಪ್ಪನಿಗೆ ಅದರದೇ ಜಪ. ತಾನು ಮಾಡಿದ್ದು ತಪ್ಪೋ ಸರಿಯೋ ತಿಳಿಯದೆ ಸಾಯಬಾರದು ಎನ್ನುತ್ತಿದ್ದ. ಒಂದೇ ಒಂದು ದಿನ ಮೊದಲು ಸತ್ತ.

*

ಚಿತೆ ಹೊತ್ತಿತು. ಮಲ್ಲಿಕಾಳ ತಮ್ಮ ಜಯಪ್ರಕಾಶ್ ಕೊಡ ಒಡೆದ. ಇನ್ನು ಯಾರೂ ಹಿಂತಿರುಗಿ ನೋಡಕೂಡದೆಂದು ಪುಟ್ಟಪ್ಪ ಎಲ್ಲರನ್ನೂ ಮುಂದೆ ಮಾಡಿ ಹೊರಡಿಸಿದ. ಹತ್ತು ಹೆಜ್ಜೆ ಹೋಗಿರಬೇಕು, ಫೋನ್ ಹೊಡೆದುಕೊಂಡಿತು.

ಆ ಕಡೆ ಶಾಂಭವಿ. ಉಳಿದ ಬಿಲ್ಲೆಗಳೆಲ್ಲ ಅಷ್ಟಿಷ್ಟು ಕರಗಿವೆ. ಜಟ್ಟಪ್ಪನದು ಮಾತ್ರ ಇಟ್ಟ ದಿನ ಎಷ್ಟು ತೂಗಿತ್ತೋ ಇವತ್ತೂ ಅಷ್ಟೇ. ಇನ್ನು ಮೇಲೆ ಎಲ್ಲವನ್ನೂ ಅವನ ಹದಕ್ಕೇ ಸುಡುತ್ತಾರಂತೆ.

ಮಲ್ಲಿಕಾ ಫೋನ್ ಕೆಳಗಿಳಿಸಿದಳು. ಗಕ್ಕನೆ ಹಿಂದಕ್ಕೆ ತಿರುಗಿದಳು. ಪುಟ್ಟಪ್ಪ ತೋಳು ಹಿಡಿದರೆ ಕೊಡವಿಕೊಂಡು ಉರಿಯತ್ತ ಕೂಗಿದಳು.

“ಅಪ್ಪಾ, ಕರಗ್ಲಿಲ್ಲ! ನೀನ್ ಸುಟ್ಟಿದ್ದೇ ಸರಿ!”

ಎಂಥದು ಕರಗಲಿಲ್ಲವೆಂದು ಪುಟ್ಟಪ್ಪ ಗದರಿದ. ಅವಳು ಅಳುತ್ತ, ನಗುತ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಪುಟ್ಟಪ್ಪನಿಗೆ ಅರ್ಧ ತಿಳಿಯಿತು. ಅಷ್ಟೇ ಸಾಕಾಯಿತು. ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿ, ತಾನೇ ಚಿತೆಯ ಕಡೆ ತಿರುಗಿದ.

“ಜಟ್ಟ, ಕೇಳ್ತಾ? ಗೆದ್ದೆ ಮಾರಾಯ.”

ಮುಂದೆ ಹೋಗಿದ್ದವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ಉರಿಯನ್ನು ನೋಡುತ್ತ ನಿಂತರು.