ಆರು ತಿಂಗಳ ಬಟಾಣಿ

ನಾನು ಪಾಂಟ್ ಹೆಲಿಗ್ ಎಂಬ ಊರಿನ ವೆಲ್ಶ್ ಮಾಧ್ಯಮ ಶಾಲೆಯ ಅಡುಗೆಯವಳು. ಇಪ್ಪತ್ತೆರಡು ವರ್ಷದಿಂದ ಅಡುಗೆಮನೆಯ ಅದೇ ಕಿಟಕಿಯ ಹಿಂದೆ ಸೌಟು ಹಿಡಿದು ನಿಂತಿದ್ದೇನೆ. ಈ ಊರಿನ ಅರ್ಧ ಜನ ನನ್ನ ಕೈಯೂಟ ಉಂಡು ಬೆಳೆದವರು. ಉಳಿದರ್ಧ ಜನ ಇಂಗ್ಲಿಷ್ ಶಾಲೆಗೆ ಹೋದವರು, ಅವರು ಏನು ತಿಂದು ಬೆಳೆದರೋ ನನಗೆ ಗೊತ್ತಿಲ್ಲ.

ನನ್ನ ಕಿಟಕಿಗೆ ಒಂದೇ ಕಾನೂನು. ಏನು ಬೇಕೋ ಅದನ್ನು ನಮ್ಮ ನಾಡಿನ ಮಾತಾದ ವೆಲ್ಶ್‌ನಲ್ಲಿ ಬಾಯಿಬಿಟ್ಟು ಕೇಳಬೇಕು. ಬೆರಳು ತೋರಿಸಿದವರಿಗೆ ನಾನೂ ಬೆರಳು ತೋರಿಸುತ್ತೇನೆ, ಸಾಲಿನ ಕೊನೆಯ ಕಡೆಗೆ. ನಮ್ಮ ಕಣಿವೆಯಲ್ಲಿ ಹತ್ತು ಮನೆಗಳಿದ್ದರೆ ಒಂಬತ್ತರಲ್ಲಿ ಇಂಗ್ಲಿಷ್. ಮಕ್ಕಳ ಕಿವಿಗೆ ವೆಲ್ಶ್ ಬೀಳುವುದು ಶಾಲೆಯ ಗೇಟಿನಿಂದ ಒಳಗೆ ಮಾತ್ರ. ತರಗತಿಯಲ್ಲಿ ಕಲಿತ ಮಾತು ಹಸಿದಾಗ ಬಾಯಿಗೆ ಬರದಿದ್ದರೆ ಅದು ಕಲಿತ ಹಾಗಲ್ಲ. ನಮ್ಮ ಹೆಡ್‌ಮಿಸ್ ಹೆಲೆದ್ ದೊಡ್ಡ ದೊಡ್ಡ ಪದವಿ ಪಡೆದವಳು, ಆದರೆ ಈ ವಿಷಯದಲ್ಲಿ ಅವಳೂ ನನ್ನ ಮಾತಿಗೆ ತಲೆದೂಗುತ್ತಾಳೆ.

ಆಮೇಲೆ ಕೊರೊನಾ ಬಂತು, ಗೇಟಿಗೆ ಬೀಗ ಬಿತ್ತು. ಒಂದಿಷ್ಟು ದಿನ ತೆಗೆದರು, ಮತ್ತೆ ಮುಚ್ಚಿದರು. ತೆಗೆದಾಗಲೂ ನನ್ನ ಕಿಟಕಿ ಮುಚ್ಚಿಯೇ ಇತ್ತು. ಊಟವನ್ನು ಡಬ್ಬಿಯಲ್ಲಿ ತುಂಬಿ ತರಗತಿಯ ಬಾಗಿಲಲ್ಲಿ ಇಟ್ಟು ಬರಬೇಕಿತ್ತು. ಡಬ್ಬಿ ಮಾತಾಡುವುದಿಲ್ಲ, ಮಾತಾಡಿಸುವುದೂ ಇಲ್ಲ. ಎರಡು ಸಾವಿರದ ಇಪ್ಪತ್ತೊಂದರ ಸೆಪ್ಟೆಂಬರ್‌ನಲ್ಲಿ ಕೊನೆಗೂ ಕಿಟಕಿ ತೆಗೆದಾಗ, ಸಾಲಿನಲ್ಲಿ ನಿಂತಿದ್ದ ಅರ್ಧ ಮಕ್ಕಳಿಗೆ ಕ್ಯಾರೆಟ್ಟಿಗೆ ಏನನ್ನಬೇಕು ಎನ್ನುವುದೇ ಮರೆತುಹೋಗಿತ್ತು.

ಉಳಿದವರು ಒಂದೆರಡು ತಿಂಗಳಲ್ಲಿ ದಾರಿಗೆ ಬಂದರು. ಬಾರದವಳು ಮೇಸಿ. ಐದು ವರ್ಷದವಳಿದ್ದಾಗ ಕಿಟಕಿಯ ಹತ್ತಿರ ನಿಂತು ಇಡೀ ತರಗತಿಯ ವರದಿ ಒಪ್ಪಿಸುತ್ತಿದ್ದ ಹುಡುಗಿ ಅವಳು. ಯಾರು ಅತ್ತರು, ಯಾರು ಯಾರನ್ನು ತಳ್ಳಿದರು, ಯಾರ ಕಾಲುಚೀಲ ತೂತಾಗಿದೆ, ಎಲ್ಲವೂ ಶುದ್ಧ ವೆಲ್ಶ್‌ನಲ್ಲಿ. ಅವಳ ತಟ್ಟೆ ತಣ್ಣಗಾಗುತ್ತಿತ್ತು, ಸಾಲು ಗೊಣಗುತ್ತಿತ್ತು. ಈಗ ಏಳು ವರ್ಷ, ಎರಡು ಜಡೆ, ಬಾಯಿಗೆ ಬೀಗ. ತರಗತಿ ಹಾಡುವಾಗ ಅವಳ ತುಟಿ ಆಡುತ್ತದೆ, ದನಿ ಬರುವುದಿಲ್ಲ.

ನನಗೆ ಕನಿಕರ ಬಂತು. ಕಿಟಕಿ ತೆಗೆದ ಮೊದಲ ದಿನವೇ ಅವಳಿಗಾಗಿ ಕಾನೂನು ಮುರಿದೆ. ಕಿಟಕಿಯಿಂದ ಬಾಗಿ, ದನಿ ತಗ್ಗಿಸಿ, ಇಂಗ್ಲಿಷಿನಲ್ಲಿ "ಬಟಾಣಿ ಬೇಕಾ ಕಂದಾ?" ಅಂದೆ. ಅವಳು ಬೇಕು ಎಂಬಂತೆ ತಲೆಯಾಡಿಸಿದಳು. ಮರುದಿನವೂ ಹಾಗೇ. ಬಟಾಣಿ ಹಾಕಿದ ತಟ್ಟೆ ಹೋಗುತ್ತಿತ್ತು, ಬಟಾಣಿ ಸಮೇತ ವಾಪಸ್ ಬರುತ್ತಿತ್ತು. ಪಾಪ, ಮಗುವಿಗೆ ಊಟವೇ ಸೇರುತ್ತಿಲ್ಲ ಅಂದುಕೊಂಡೆ.

ನಮ್ಮ ಜನರ ಈ ಅಭ್ಯಾಸ ಹೇಳಿಬಿಡಬೇಕು. ಹತ್ತು ಜನ ವೆಲ್ಶ್‌ನಲ್ಲಿ ಹರಟುತ್ತಿರುವ ಕೋಣೆಗೆ ವೆಲ್ಶ್ ಬಾರದ ಒಬ್ಬರು ಕಾಲಿಟ್ಟರೆ ಹತ್ತೂ ಜನ ಅರ್ಧ ಮಾತಿನಲ್ಲೇ ಇಂಗ್ಲಿಷಿಗೆ ಹೊರಳುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಆಗುತ್ತದೆ. ಮರ್ಯಾದಸ್ಥರು ಮಾಡುವುದೇ ಹಾಗೆ. ಪಕ್ಕದ ಮನೆಯ ಇಂಗ್ಲಿಷರ ನಾಯಿ ನಮ್ಮ ಅಂಗಳಕ್ಕೆ ಬಂದರೆ ನಮ್ಮಪ್ಪ ಅದನ್ನೂ ಇಂಗ್ಲಿಷಿನಲ್ಲೇ ಓಡಿಸುತ್ತಿದ್ದ.

ಮಾರ್ಚ್ ಒಂದರಂದು ನಮ್ಮ ನಾಡಹಬ್ಬವಾದ ಸಂತ ಡೇವಿಡ್ ಹಬ್ಬ. ಮೇಸಿಯೂ ಎಲ್ಲರ ಹಾಗೆ ಹಬ್ಬದ ಕಪ್ಪು ಟೊಪ್ಪಿ ಹಾಕಿಕೊಂಡು ಬಂದು, ದನಿಯಿಲ್ಲದ ಹಾಡು ಹಾಡಿ ಹೋದಳು. ಮರುದಿನ ಬುಧವಾರ, ಮಧ್ಯಾಹ್ನ ಎರಡೂವರೆಗೆ, ಅವಳಮ್ಮ ಕೇಲಿ ಚೀಲದಲ್ಲಿ ಒಂದು ಅರ್ಜಿ ಇಟ್ಟುಕೊಂಡು ಬಂದಳು. ಮೇಸಿಯನ್ನು ಈಸ್ಟರ್ ಆದಮೇಲೆ ಕೆಳಗಿನ ಇಂಗ್ಲಿಷ್ ಶಾಲೆಗೆ ಸೇರಿಸುವ ಅರ್ಜಿ. ಅದಕ್ಕೆ ಹೆಲೆದ್‌ಳ ಸಹಿ ಬೇಕಿತ್ತು. ಹೆಲೆದ್ ಮೂರು ಗಂಟೆಯವರೆಗೆ ಪಾಠದಲ್ಲಿದ್ದಳು. ಹಾಗಾಗಿ ಕೇಲಿ ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

ನಿಜ ಹೇಳುತ್ತೇನೆ, ನನಗೆ ಅವಳ ಮೇಲೆ ಕೋಪವಿತ್ತು. ಮಗು ಮಾತು ಮರೆತರೆ ತಾಯಿಯನ್ನು ಬೈಯುವುದು ಬಹಳ ಸುಲಭದ ಕೆಲಸ. ನಾನು ಆರು ತಿಂಗಳಿಂದ ಮನಸ್ಸಿನಲ್ಲೇ ಅದನ್ನು ಮಾಡುತ್ತಿದ್ದೆ.

"ಟೀ ಕುಡಿ" ಅಂದೆ, ಇಂಗ್ಲಿಷಿನಲ್ಲಿ.

"ಸಿಟ್ಟು ಮಾಡ್ಕೋಬೇಡಿ ತೆಗ್ವೆನ್ ಆಂಟಿ" ಅಂದಳು. "ನಿಮ್ಮ ಶಾಲೆ ಮೇಲೆ ಬೇಜಾರಿಲ್ಲ ನಂಗೆ. ಮೇಸಿ ನಿಮ್ಮನ್ನ ಕಂಡ್ರೆ ಪ್ರಾಣ ಬಿಡ್ತಾಳೆ."

"ಪ್ರಾಣ ಬಿಡೋಳಿಗೆ ಬಾಯಿ ಬಿಡೋಕೇನು ಕಷ್ಟ?"

ಕೇಲಿ ನಗಲಿಲ್ಲ. ಟೀ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಶಾಲೆ ಮುಚ್ಚಿದ್ದಾಗ ನಾನು ವೃದ್ಧಾಶ್ರಮದಲ್ಲಿ ಹನ್ನೆರಡು ಗಂಟೆ ಕೆಲ್ಸ ಮಾಡಿ ಬರ್ತಿದ್ದೆ ಆಂಟಿ. ಮನೆಗೆ ಬಂದ್ರೆ ಕಂಪ್ಯೂಟರ್‌ನಲ್ಲಿ ಪಾಠದ ಮೇಲೆ ಪಾಠ, ಎಲ್ಲಾ ವೆಲ್ಶು. ಒಂದೊಂದು ಸಾಲನ್ನೂ ಫೋನಿಗೆ ತೋರ್ಸಿ ಅರ್ಥ ಹುಡುಕ್ಬೇಕು. ಅಮ್ಮಾ ಹೇಳ್ಕೊಡು ಅಂತ ಅವಳು ಅಳೋಳು. ನಂಗೇ ಬರಲ್ವಲ್ಲೇ ಅಂತ ನಾನು ಅಳ್ತಿದ್ದೆ. ಇಬ್ರೂ ಅಡುಗೆಮನೇಲಿ ಕೂತು ಅತ್ತಿದ್ದೇ ಅತ್ತಿದ್ದು. ಇನ್ನೂ ಎಷ್ಟು ವರ್ಷ ಅಂತ ಹೀಗೆ?"

ಆ ದಿನಗಳಲ್ಲಿ ನಾನು ಡಬ್ಬಿ ತುಂಬಿ ಮನೆಗೆ ಹೋಗಿ ಕಾಲು ಚಾಚಿ ಟಿವಿ ನೋಡುತ್ತಿದ್ದೆ.

"ನಿಮ್ಮನ್ನ ಎಷ್ಟು ಹಚ್ಕೊಂಡಿದ್ದಾಳೆ ಅಂದ್ರೆ, ಮನೇಲಿ ನೀವೇ ಆಗಿರ್ತಾಳೆ, ನೋಡಿ ಬೇಕಾದ್ರೆ" ಅಂತ ಕೇಲಿ ಫೋನು ತೆಗೆದಳು. ಕಳೆದ ಭಾನುವಾರ ಬಾಗಿಲ ಸಂದಿಯಿಂದ ತೆಗೆದ ವಿಡಿಯೊ. ಬಟ್ಟೆಯ ಬುಟ್ಟಿ ಬೋರಲು ಹಾಕಿ ಕಿಟಕಿ ಮಾಡಿಕೊಂಡಿದ್ದಾಳೆ ಮೇಸಿ. ಸೊಂಟಕ್ಕೆ ಅಮ್ಮನ ಏಪ್ರನ್, ಕೈಯಲ್ಲಿ ಸೌಟು, ಪಾತ್ರೆಯಲ್ಲಿ ಬಟಾಣಿಯ ಬದಲು ಹಸಿರು ಗುಂಡಿಗಳು. ಎದುರಿಗೆ ಗೊಂಬೆಗಳ ಸಾಲು, ಮೊದಲಿಗೆ ಕರಡಿ.

"ಏನಯ್ಯಾ, ಬಾಯಲ್ಲಿ ಬೆಣ್ಣೆ ಇಟ್ಕೊಂಡಿದ್ದೀಯಾ? ಜೋರಾಗಿ ಕೇಳು. ಬೆರಳು ತೋರ್ಸೋರು ಸಾಲಿನ ಕೊನೆಗೆ" ಅಂತ ಕರಡಿಯನ್ನು ಗದರಿದಳು. ಆಮೇಲೆ ಮೊಲಕ್ಕೆ, "ನೀನು ನಿನ್ನೆನೂ ಕ್ಯಾರೆಟ್ ಬಿಟ್ಟೆ. ನಂಗೆ ಮರ್ತೋಯ್ತು ಅನ್ಕೊಂಡ್ಯಾ? ಮೊಲ ಆಗಿ ಕ್ಯಾರೆಟ್ ಬಿಡ್ತೀಯಲ್ಲ, ನಾಚ್ಕೆ ಆಗಲ್ವಾ?"

ಎಲ್ಲವೂ ವೆಲ್ಶ್. ತಡವರಿಕೆ ಇಲ್ಲ, ಹುಡುಕಾಟ ಇಲ್ಲ. ನನ್ನದೇ ಗದರಿಕೆ, ನನ್ನದೇ ಸೊಂಟದ ಮೇಲಿನ ಕೈ. ನನಗೆ ನಗು ತಡೆಯಲಾಗಲಿಲ್ಲ.

ಸಾಲಿನ ಕೊನೆಗೆ ಎರಡು ಜಡೆಯ ಗೊಂಬೆ ಬಂತು. ಮೇಸಿ ಸೌಟು ಕೆಳಗಿಟ್ಟಳು. ತಲೆ ಒಂದು ಪಕ್ಕಕ್ಕೆ ವಾಲಿಸಿ, ದನಿ ತಗ್ಗಿಸಿ, ಕಾಯಿಲೆಯವರನ್ನು ಮಾತಾಡಿಸುವ ಹಾಗೆ, ಇಂಗ್ಲಿಷಿನಲ್ಲಿ ಅಂದಳು. "ಬಟಾಣಿ ಬೇಕಾ ಕಂದಾ? ಸರಿ, ಸರಿ. ಹೋಗಮ್ಮಾ."

ನನ್ನ ನಗು ನಿಂತಿತು. "ಆ ಕೊನೇ ಗೊಂಬೆ ಯಾರು?" ಅಂದೆ.

"ಅದಾ? ಅದೇ ಮೇಸಿಯಂತೆ. ಜಡೆ ಅವಳೇ ಹೆಣೆದಿದ್ದು."

"ಅದಕ್ಕೆ ಮಾತ್ರ ಯಾಕೆ ಇಂಗ್ಲಿಷು ಅಂತ ಕೇಳ್ದ್ಯಾ?"

"ಕೇಳ್ದೆ. ಇವಳು ವೆಲ್ಶ್ ಮಗು ಅಲ್ಲ, ಅದಕ್ಕೆ ಆಂಟಿ ಹೀಗೆ ಮಾತಾಡ್ಸ್ತಾರೆ ಅಂದ್ಳು."

ನಾನು ತಿರುಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ತೊಳೆದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

"ಉಳಿದ ಗೊಂಬೆಗಳಿಗೆ ಏನಂದ್ಳು ಗೊತ್ತಾ ನಿಂಗೆ?"

"ನಂಗೆಲ್ಲಿ ಗೊತ್ತಾಗ್ಬೇಕು ಆಂಟಿ. ವೆಲ್ಶ್ ಥರ ಏನೋ ಬಡಬಡಿಸ್ತಾಳೆ ಅನ್ಕೊಂಡೆ."

ನಾನು ಕರಡಿಗೆ ಹೇಳಿದ್ದನ್ನೂ ಮೊಲಕ್ಕೆ ಹೇಳಿದ್ದನ್ನೂ ಇಂಗ್ಲಿಷಿನಲ್ಲಿ ಒಂದಕ್ಷರ ಬಿಡದೆ ಹೇಳಿದೆ. ಕೇಲಿ ಫೋನನ್ನೇ ನೋಡುತ್ತಾ ಕೂತಳು. ಆಮೇಲೆ, "ಅದೆಲ್ಲ ನಿಜವಾದ ಮಾತಾ?" ಅಂದಳು.

"ಒಂದೊಂದೂ. ನಿನ್ನ ಮಗಳು ಏನೂ ಮರ್ತಿಲ್ಲ ಕೇಲಿ. ಅವಳನ್ನ ಮಾತಾಡ್ಸೋದು ಬಿಟ್ಟಿದ್ದು ನಾನು. ಆ ಕಾಗದ ಒಂದು ವಾರ ಚೀಲದಲ್ಲೇ ಇರ್ಲಿ."

"ವಾರ ಎಲ್ಲಿದೆ? ಶುಕ್ರವಾರ ಐದು ಗಂಟೆಗೆ ಕೊನೆ. ಅಷ್ಟರೊಳಗೆ ಕೌನ್ಸಿಲ್ ಆಫೀಸಿಗೆ ಕೊಡ್ಬೇಕು." ಎದ್ದು ನಿಂತಳು. "ಶುಕ್ರವಾರ ಶಾಲೆ ಬಿಡೋ ಹೊತ್ತಿಗೆ ಬರ್ತೀನಿ. ಅವಳು ಹೀಗೇ ಮುದುಡ್ಕೊಂಡಿದ್ರೆ ಸಹಿ ಮಾಡ್ಸ್ಕೊಂಡು ಹೋಗ್ತೀನಿ ಆಂಟಿ. ಆಮೇಲೆ ನೀವು ತಡೀಬಾರ್ದು."

ಗುರುವಾರ ಬೆಳಿಗ್ಗೆ ಟೀಚರುಗಳ ಕೋಣೆಗೆ ಹೋಗಿ, "ಮೇಸಿ ಜೊತೆ ಯಾರ್ಯಾರು ಇಂಗ್ಲಿಷ್ ಮಾತಾಡ್ತೀರಿ, ಕೈ ಎತ್ತಿ" ಅಂದೆ. ಯಾರೂ ಎತ್ತಲಿಲ್ಲ. ಮೊದಲು ನಾನು ಎತ್ತಿದೆ. ಆಮೇಲೆ ಆಟದ ಬಯಲು ನೋಡಿಕೊಳ್ಳುವವಳು ಎತ್ತಿದಳು. ಆಮೇಲೆ ಇನ್ನಿಬ್ಬರು. ಕೊನೆಗೆ, ಕಿವಿಯವರೆಗೆ ಕೆಂಪಾಗಿ, ಹೆಲೆದ್. ಪ್ರತಿಯೊಬ್ಬರೂ ತಾನೊಬ್ಬಳೇ ಆ ಮಗುವಿಗೆ ಒಂಚೂರು ಕರುಣೆ ತೋರಿಸುತ್ತಿದ್ದೇನೆ ಅಂದುಕೊಂಡಿದ್ದರು.

"ಹೆದರಿಸಬಾರದು ಅಂತ ಅಷ್ಟೇ, ತೆಗ್ವೆನ್" ಅಂದಳು ಹೆಲೆದ್.

"ಹೆದರಿಸ್ಲಿಲ್ಲ ಮಿಸ್, ಹೊರಗೆ ಹಾಕಿದ್ವಿ" ಅಂದೆ.

ಆ ಮಧ್ಯಾಹ್ನ ಮೇಸಿ ಕಿಟಕಿಗೆ ಬಂದಳು. ಎಲ್ಲರನ್ನೂ ಕೇಳುವ ದನಿಯಲ್ಲೇ, ವೆಲ್ಶ್‌ನಲ್ಲಿ, "ಬಟಾಣಿ ಬೇಕಾ, ಬೇಡ್ವಾ?" ಅಂದೆ. ಅವಳು ನನ್ನ ಮುಖ ನೋಡಿದಳು. ತಲೆಯಾಡಿಸಿದಳು. ಬಾಯಿಬಿಟ್ಟು ಹೇಳಲಿ ಅಂತ ನಾನು ಸೌಟು ಎತ್ತಲಿಲ್ಲ. ಹಿಂದೆ ಸಾಲು ಗೊಣಗಿತು. ಅವಳ ಕೆಳತುಟಿ ನಡುಗಿತು. ಇಂಗ್ಲಿಷ್ ನನ್ನ ನಾಲಿಗೆಯ ತುದಿಯವರೆಗೆ ಬಂತು, ಹಲ್ಲು ಕಚ್ಚಿ ತಡೆದೆ. ಅವಳು ಬರೀ ಮಾಂಸ, ಆಲೂಗಡ್ಡೆ ಇದ್ದ ತಟ್ಟೆ ತೆಗೆದುಕೊಂಡು ಹೊರಟುಹೋದಳು. ಏಳು ವರ್ಷದ ಮಗುವನ್ನು ಅಳಿಸಿದ ಮುದುಕಿ ಅಂತ ನನ್ನನ್ನು ನಾನೇ ಬೈದುಕೊಂಡೆ. ವಿಚಿತ್ರವೆಂದರೆ, ಆ ದಿನ ಅವಳ ತಟ್ಟೆ ಮೊದಲ ಸಲ ಪೂರ್ತಿ ಖಾಲಿಯಾಗಿ ಬಂತು.

ಶುಕ್ರವಾರ ಮೀನು, ಚಿಪ್ಸ್. ಮತ್ತೆ ಬಟಾಣಿ. ಸಾಲಿನಲ್ಲಿ ಅವಳು ಬಂದಳು. ಅವಳಮ್ಮ ಮೂರೂವರೆಗೆ ಗೇಟಿನ ಹತ್ತಿರ ಬರುತ್ತಾಳೆ. ಇನ್ನೊಂದು ಊಟ ನನಗೆ ಉಳಿದಿಲ್ಲ. ಮೆತ್ತಗೆ ಕೇಳಿ ಆರು ತಿಂಗಳು ಹಾಳಾಯಿತು, ಇನ್ನು ನಾನು ನಾನಾಗಿಯೇ ಇರುತ್ತೇನೆ ಅಂತ ಸೊಂಟದ ಮೇಲೆ ಕೈ ಇಟ್ಟೆ.

"ಏನಮ್ಮಾ ಮೇಸಿ, ಬಾಯಲ್ಲಿ ಬೆಣ್ಣೆ ಇಟ್ಕೊಂಡಿದ್ದೀಯಾ? ಜೋರಾಗಿ ಹೇಳು. ಬಟಾಣಿ ಬೇಕಾ, ಬೇಡ್ವಾ?"

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗಾದರೂ ಹೇಳಿದೆನೇನೋ ಅಂತ. ಆಮೇಲೆ, ವೆಲ್ಶ್‌ನಲ್ಲಿ, ಬಹಳ ಸಣ್ಣಗೆ, "ನನ್ನನ್ನಾ ಕೇಳ್ತಿರೋದು?" ಅಂದಳು.

"ಇನ್ಯಾರನ್ನ? ಕರಡೀನಾ?"

ಅವಳ ಮುಖ ಕೆಂಪೇರಿತು. ಒಂದು ಗಳಿಗೆ ಎಲ್ಲ ಕೆಟ್ಟಿತು ಅಂದುಕೊಂಡೆ. ಆಮೇಲೆ ಅವಳು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಟಕ್ ಅಂತ ಇಟ್ಟಳು.

"ಬೇಡ. ನಂಗೆ ಬಟಾಣಿ ಕಂಡ್ರೆ ಆಗಲ್ಲ. ಯಾವತ್ತೂ ಆಗಲ್ಲ. ನೀವು ದಿನಾ ಹಾಕ್ತೀರಿ."

"ಮತ್ಯಾಕೆ ದಿನಾ ತಲೆ ಆಡಿಸ್ತಿದ್ದೆ?"

"ನೀವು ಅಷ್ಟು ಮೆತ್ತಗೆ ಕೇಳ್ತಿದ್ರಿ. ಬೇಡ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ."

ಅವಳ ಬಟಾಣಿಯ ಜಾಗಕ್ಕೆ ಚಿಪ್ಸ್ ಸುರಿದೆ. ಹಿಂದಿದ್ದವರು ಇದು ಅನ್ಯಾಯ ಅಂತ ಕೂಗಿದರು. ಅವರಿಗೆ ಯಾರು ಉತ್ತರ ಕೊಡಬೇಕು? ನನಗೆ ಕಣ್ಣು ಮಂಜಾಗಿ ಪಾತ್ರೆಯೇ ಕಾಣುತ್ತಿರಲಿಲ್ಲ.

ಮೂರೂವರೆಗೆ ಹೆಲೆದ್ ಮತ್ತು ನಾನು ಮೇಸಿಯ ಜೊತೆ ಗೇಟಿನ ಹತ್ತಿರ ಬಂದೆವು. ಕೇಲಿ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳನ್ನು ಕಂಡೊಡನೆ ಹೆಲೆದ್‌ಳ ಬಾಯಿ ಇಂಗ್ಲಿಷಿಗೆ ತೆರೆದುಕೊಂಡಿತು. ನಾನು ಮೊಣಕೈಯಿಂದ ತಿವಿದೆ. ನನ್ನ ಬಾಯಿಯೂ ತೆರೆದಿತ್ತು, ಅದಕ್ಕೆ ತಿವಿಯುವವರು ಯಾರೂ ಇರಲಿಲ್ಲ, ನಾನೇ ಮುಚ್ಚಿಕೊಂಡೆ.

"ಮೇಸಿ, ನಿಮ್ಮಮ್ಮನ್ನ ಕೇಳು" ಅಂದೆ, ವೆಲ್ಶ್‌ನಲ್ಲಿ. "ಈಸ್ಟರ್ ಆದ್ಮೇಲೂ ನೀನು ನನ್ನ ಕಿಟಕಿಗೇ ಬರ್ತೀಯಾ ಅಂತ ಕೇಳು."

ಮೇಸಿ ಅಮ್ಮನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಕೇಲಿ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮಗಳನ್ನು ನೋಡಿದಳು. ಚೀಲ ಎದೆಯಿಂದ ಕೆಳಗಿಳಿಯಿತು.

"ಬರ್ತೀಯ ಅಂತ ಹೇಳು" ಅಂದಳು ಮಗಳಿಗೆ. "ಆದ್ರೆ ಒಂದು ಮಾತು. ನಾನು ಪಕ್ಕದಲ್ಲಿ ನಿಂತಿದ್ರೂ ಸರಿ, ಅವರು ನಿನ್ನ ಜೊತೆ ವೆಲ್ಶ್ ಬಿಡಬಾರ್ದು. ನಂಗೆ ಅರ್ಥ ಆಗ್ಲಿಲ್ಲ ಅಂದ್ರೆ ನಿನ್ನ ಕೇಳ್ತೀನಿ. ಹಾಗಂತ ಹೇಳು."

ಅವಳ ಒಂದೊಂದು ಮಾತೂ ನನಗೆ ಕೇಳಿಸಿತ್ತು, ಅರ್ಥವೂ ಆಗಿತ್ತು. ಆದರೂ ಏನೂ ಕೇಳದವಳ ಹಾಗೆ ಮೇಸಿಯ ಕಡೆ ಬಾಗಿ ನಿಂತೆ. ಅವಳು ಉಸಿರು ಎಳೆದುಕೊಂಡು, ವೆಲ್ಶ್‌ನಲ್ಲಿ, "ನಮ್ಮಮ್ಮ ಏನ್ ಹೇಳ್ತಾಳೆ ಅಂದ್ರೆ" ಅಂತ ಶುರು ಮಾಡಿದಳು. ಅವಳು ಮುಗಿಸುವವರೆಗೆ ನಮ್ಮ ಮೂವರಲ್ಲಿ ಯಾರೂ ಮಧ್ಯೆ ಬಾಯಿ ಹಾಕಲಿಲ್ಲ.